ಎಷ್ಟು ಸೀಟು ಸಾ?

ಕಾರು ಕೊಂಡವರನ್ನು ಜನ ಮೊದಲು ಏನು ಕೇಳುತ್ತಾರೆ? ಮೈಲೇಜ್ ಎಷ್ಟು ಅಂತ. ನನ್ನನ್ನು ಮಾತ್ರ ಇಡೀ ಕೊಳ್ಳೇಗಾಲ ಕೇಳುವುದು ಒಂದೇ ಪ್ರಶ್ನೆ: "ಇದ್ರಲ್ಲಿ ಎಷ್ಟು ಸೀಟು ಸಾ?"

ಎರಡು. ಒಂದು ನನ್ನದು, ಇನ್ನೊಂದು ನನ್ನ ಹೆಂಡತಿಯದು. ಕೊಂಡಿದ್ದೇ ಅದಕ್ಕೆ!

ಗುಟ್ಟು ಹೇಳಿಬಿಡುತ್ತೇನೆ. ನನ್ನ ಹಳೇ ಕಾರಿನಲ್ಲಿ ಐದು ಸೀಟಿದ್ದವು. ಹಾಗಾಗಿ ಅದು ನನ್ನದಾಗಿರಲಿಲ್ಲ, ಬೀದಿಯದಾಗಿತ್ತು. ಹನೂರಿನಲ್ಲಿ ನಾಮಕರಣ ಅಂದರೆ ನನ್ನ ಕಾರು. ಯಳಂದೂರಿನಲ್ಲಿ ತಿಥಿ ಅಂದರೆ ನನ್ನ ಕಾರು. ನಾನು ಕಾಲೇಜಿನಲ್ಲಿ ಇಕನಾಮಿಕ್ಸ್ ಹೇಳುವ ಮೇಷ್ಟ್ರೋ, ಪುಕ್ಕಟೆ ಡ್ರೈವರೋ ಎಂದು ನನಗೇ ಅನುಮಾನ ಬರುವಂತಾಗಿತ್ತು. ಹೋದ ವರ್ಷ ಬೆಂಗಳೂರಿನ ಗೆಳೆಯನೊಬ್ಬ ತನ್ನ ಪುಟ್ಟ ಬ್ಯಾಟರಿ ಕಾರು ಮಾರುತ್ತೇನೆ ಅಂದ. ಪೆಟ್ರೋಲ್ ಬೇಡ, ಮನೆಯ ಪ್ಲಗ್ಗಿಗೆ ಚುಚ್ಚಿದರೆ ಸಾಕು. ನಗರ ಸಂಚಾರಕ್ಕೆಂದೇ ಮಾಡಿದ್ದು, ಎರಡೇ ಸೀಟು ಅಂದ. ನಾನು ಕೇಳಿಸಿಕೊಂಡಿದ್ದು ಕೊನೆಯ ಎರಡು ಪದ ಮಾತ್ರ. (ಕೊಳ್ಳೇಗಾಲವೂ ನಗರವೇ. ನಗರಸಭೆ ಇದೆ. ಹಸುಗಳನ್ನೂ ಸೇರಿಸಿಕೊಂಡರೆ ಟ್ರಾಫಿಕ್ಕೂ ಇದೆ.)

ಒಂದು ವರ್ಷ ಸುಖವಾಗಿದ್ದೆ. ಕಳೆದ ತಿಂಗಳು ನನ್ನ ಅಕ್ಕ ರಾಜಮ್ಮ ಬಂದಳು.

ಅಕ್ಕನ ಮಗ ಮಹೇಶ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಚಿನ್ನದಂಥ ಹುಡುಗ. ಒಂದೇ ತೊಂದರೆ, ಹೊಸಬರ ಮುಂದೆ ಬಾಯಿ ಬಿಡಲು ಅವನಿಗೆ ಒಂದೆರಡು ಗಂಟೆ ಬೇಕು. ಹೆಣ್ಣು ನೋಡುವ ಶಾಸ್ತ್ರ ಹತ್ತು ನಿಮಿಷದ್ದು. ಮೂರು ಕಡೆ ಹೋಗಿ ಬಂದಿದ್ದ, ಮೂರೂ ಮನೆಯವರು ಹುಡುಗ ಮೂಗನಾ ಅಂತ ವಿಚಾರಿಸಿದ್ದರು. ಅಗರದ ಹುಡುಗಿ ನಾಲ್ಕನೆಯವಳು. ಇದೂ ತಪ್ಪಿದರೆ ಇನ್ನು ಯಾರ ಮನೆಗೂ ಬರುವುದಿಲ್ಲ ಎಂದು ಅವನು ಹೇಳಿಬಿಟ್ಟಿದ್ದ. ಅಕ್ಕನಿಗೆ ನಿದ್ದೆ ಇರಲಿಲ್ಲ.

"ಮೂರು ಸಲಾನೂ ಬಸ್ನಲ್ಲೇ ಓಗಿದ್ವಿ. ಈ ಸಲ ನಿನ್ ಕಾರಲ್ಲಿ ಓಗ್ಬೇಕು ಕಣ್ಲಾ. ಒಂದು ಗತ್ತು ಇರ್ತದೆ," ಅಂದಳು.

"ಅಕ್ಕಾ, ಎರಡೇ ಸೀಟು!"

"ಇಂದ್ಗಡೆ ಜಾಗ ಇಲ್ವಾ?"

ಹಿಂದುಗಡೆ ಎರಡು ತರಕಾರಿ ಚೀಲ ಇಡುವಷ್ಟು ಜಾಗವಿದೆ. ಅಲ್ಲಿ ಮಹೇಶ ಎಂದು ತೀರ್ಮಾನವಾಯಿತು. ಭಾವ ಮಾತ್ರ ಆ ಡಬ್ಬಿಯೊಳಗೆ ತಾನು ಕೂರುವುದಿಲ್ಲ ಎಂದು ಜಾರಿಕೊಂಡರು. ಅಲ್ಲಿಗೆ ನಾವು ಮೂವರಾದೆವು. ಮೂರು ಜನ ಶುಭಕಾರ್ಯಕ್ಕೆ ಹೊರಡಬಾರದು ಎನ್ನುವುದು ನಿಮಗೆ ಗೊತ್ತಲ್ಲ? ಹೊರಡಲೇಬೇಕಾದರೆ ನಾಲ್ಕನೆಯವರ ಲೆಕ್ಕಕ್ಕೆ ಒಂದು ಕಲ್ಲು ಜೊತೆಗಿರಬೇಕು. ಹೊರಡುವ ದಿನ ನಾನು ಅಕ್ಕನ ಮನೆಯ ಅಂಗಳದಿಂದ ಒಂದು ಸಣ್ಣ ಕಲ್ಲು ಆರಿಸಿ ಕೊಟ್ಟೆ.

ಅಕ್ಕ ಅದನ್ನು ಎಸೆದಳು. "ಮೂರು ಸಲಾನೂ ಕರ್ಚೀಫ್ನಲ್ಲಿ ಇಂಥದ್ದೇ ಕಟ್ಕಂಡು ಓಗಿದ್ವಿ. ಏನಾಯ್ತು? ಇದು ಮಗಿನ ಲೆಕ್ಕ ಕಣ್ಲಾ. ದೊಡ್ಡ ಮನುಸನ ಲೆಕ್ಕ ಬೇಕು."

ಒಳಗೆ ಹೋದವಳು ಒರಳಿನ ರುಬ್ಬೋ ಗುಂಡನ್ನು ಎರಡು ಕೈಯಲ್ಲಿ ಅಪ್ಪಿಕೊಂಡು ಬಂದಳು. ಅದು ಮಹೇಶನ ತೊಡೆಯ ಮೇಲೆ ಕೂತಿತು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಹೊರಟೆವು. ಮುಂದೆ ಕಬ್ಬಿನ ಟ್ರ್ಯಾಕ್ಟರು, ಹಿಂದೆ ನಾವು. ಕಬ್ಬಿನ ಗರಿ ನಮ್ಮ ಗಾಜು ಒರೆಸುತ್ತಿತ್ತು. ಅಗರದ ಹತ್ತಿರ ಬರುತ್ತಿದ್ದಂತೆ ಕಾರು ನಿಧಾನವಾಯಿತು. ಬ್ಯಾಟರಿ ಮುಳ್ಳು ನೋಡುತ್ತೇನೆ, ತಳಕ್ಕೆ ಬಿದ್ದಿದೆ! ಹಿಂದಿನ ಸಂಜೆಯೇ ಅಕ್ಕನ ಮನೆಯಲ್ಲಿ ಪ್ಲಗ್ಗಿಗೆ ಹಾಕಿದ್ದೆನಲ್ಲ?

"ಮಯೇಸನ ಸರ್ಟು ಇಸ್ತ್ರಿ ಮಾಡಕೆ ಒಂದು ವೈರು ಕಿತ್ತಿದ್ದೆ, ಅದೇ ಏನ್ಲಾ?" ಅಂದಳು ಅಕ್ಕ. ಮತ್ತೆ ಚುಚ್ಚುವುದನ್ನು ಮರೆತಿದ್ದಳು. ಆ ಶರ್ಟೋ, ಗುಂಡಿನ ಕೆಳಗೆ ಸಿಕ್ಕಿ ಹಿಂಡಿದ ಬಟ್ಟೆಯಾಗಿತ್ತು.

ಗತ್ತು ಎಲ್ಲಿಗೆ ಬಂತು ನೋಡಿ. ಗಂಡಿನ ಕಡೆಯವರು ಹುಡುಗಿಯ ಮನೆ ಬಾಗಿಲಿಗೆ ಕಾರು ತಳ್ಳಿಕೊಂಡು ಹೋದೆವು.

ಹುಡುಗಿಯ ತಂದೆ ಪುಟ್ಟಸ್ವಾಮಿ ಒಳ್ಳೆಯ ಮನುಷ್ಯ, ನಗಲಿಲ್ಲ. "ಮನೇಲಿ ಕರೆಂಟ್ ಅದೆ ಬುಡಿ ಸಾ, ಚಾರ್ಜ್ ಮಾಡ್ಕಳಿ. ಎಷ್ಟೊತ್ತಾಯ್ತದೆ?"

"ನಾಲ್ಕು ಗಂಟೆ," ಎಂದೆ.

ಉಪ್ಪಿಟ್ಟು, ಬಾಳೆಹಣ್ಣು, ಕಾಫಿ ಬಂದವು. ಹುಡುಗಿ ಸವಿತ ಬಂದು ನಮಸ್ಕಾರ ಮಾಡಿ ಕೂತಳು. ಮನೆಯಲ್ಲೇ ಹೊಲಿಗೆ ಮಾಡುತ್ತಾಳಂತೆ. ಮಹೇಶ ನೆಲ ನೋಡುತ್ತಿದ್ದ. ಹತ್ತು ನಿಮಿಷ ಮುಗಿಯಿತು. ಅಕ್ಕನ ಮುಖ ಬಾಡಿತು.

ಅಷ್ಟರಲ್ಲಿ ಹೊರಗೆ ಹೋಗಿ ನೋಡಿದರೆ ಚಾರ್ಜೇ ಆಗುತ್ತಿಲ್ಲ. ಮಹೇಶ ಎದ್ದು ಬಂದ, ಕಿಟಕಿಯಿಂದ ಎಳೆದಿದ್ದ ವೈರು ಹಿಡಿದು ನೋಡಿದ, ತಿರುಗಿ ಸವಿತಳಿಗೆ ತನ್ನ ಜೀವನದ ಮೊದಲ ಮಾತು ಹೇಳಿದ:

"ಟೆಸ್ಟರ್ ಅದಾ?"

ಅವಳು ಹೊಲಿಗೆ ಮಿಷಿನ್ನಿನ ಡ್ರಾಯರಿನಿಂದ ಟೆಸ್ಟರ್ ತಂದಳು. "ಫೀಸ್ ಓಗಿರ್ತದೆ. ನಮ್ಮನೇಲಿ ನಾನೇ ಕಟ್ಟಾದು," ಅಂದಳು.

ಫ್ಯೂಸ್ ಕಟ್ಟಿದರು. ಇಬ್ಬರೂ ಕೂಡಿ. ಆಮೇಲೆ ಮಹೇಶ ಬಾಯಿ ಮುಚ್ಚಿದ್ದರೆ ಕೇಳಿ! ಅವಳ ಮಿಷಿನ್ನಿಗೆ ಮೋಟಾರ್ ಕೂರಿಸುವುದು ಹೇಗೆ, ವೋಲ್ಟೇಜ್ ಕಡಿಮೆಯಾದರೆ ಏನಾಗುತ್ತದೆ, ಎಲ್ಲ ಹೇಳಿದ. ಅವಳು ಎದುರು ಪ್ರಶ್ನೆ ಹಾಕಿದಳು. ಹನ್ನೊಂದಕ್ಕೆ ಕರೆಂಟು ಹೋಯಿತು. ಕಾರು ನಿಂತಲ್ಲೇ ನಿಂತಿತು, ಮಾತು ನಿಲ್ಲಲಿಲ್ಲ.

ಒಂದು ಗಂಟೆಗೆ ಒಳಗಿನಿಂದ ಅವರೆಕಾಳಿನ ಸಾರಿನ ಘಮ ಬಂತು. ಈಗ ನಿಜವಾದ ಕಷ್ಟ. ನಮ್ಮ ಕಡೆ ಹೆಣ್ಣು ನೋಡಲು ಹೋದವರು ಉಪ್ಪಿಟ್ಟು ತಿನ್ನಬಹುದು, ಊಟ ಮಾಡುವಂತಿಲ್ಲ. ಊಟಕ್ಕೆ ಕೂತರೆ ಸಂಬಂಧ ಒಪ್ಪಿದಂತೆ. ಉಪ್ಪಿಟ್ಟು ಕರಗಿ ಮೂರು ಗಂಟೆಯಾಗಿತ್ತು. ನನ್ನ ಮಟ್ಟಿಗೆ ನಾನು ಆಗಲೇ ಒಪ್ಪಿದ್ದೆ.

ಪುಟ್ಟಸ್ವಾಮಿ ಸಂಕೋಚದಿಂದ ಕೇಳಿದರು: "ಎಲೆ ಆಕ್ಬೋದಾ ಸಾ?"

ಅಕ್ಕ ಮಗನನ್ನು ನೋಡಿದಳು. ಅವನು ಹೂಂ ಎಂದು ತಲೆಯಾಡಿಸಿದ. ಎಲ್ಲರೂ ಸವಿತಳ ಕಡೆ ತಿರುಗಿದೆವು. ಅವಳು ಕಾರಿನೊಳಗೆ ಬಗ್ಗಿ ನೋಡುತ್ತಿದ್ದಳು.

"ಇದ್ಯಾಕೆ ರುಬ್ಬೋ ಗುಂಡು?"

ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಏನಾದರೂ ಸುಳ್ಳು ಹೇಳೋ ಎಂದು ನಾನು ಮಹೇಶನನ್ನು ಕಣ್ಣಲ್ಲೇ ಬೇಡಿಕೊಂಡೆ. ಮೂರು ಮನೆಗಳಲ್ಲಿ ಬಾಯಿ ಬಿಡದ ಹುಡುಗ ಈಗ ಸತ್ಯ ಹೇಳಿಬಿಟ್ಟ: "ಮೂರು ಜನ ಆಯ್ತೀವಿ ಅಂತ ನಮ್ಮವ್ವ ನಾಕ್ನೇದಾಗಿ ಕೂರ್ಸವ್ಳೆ. ನನ್ ತೊಡೆ ಮ್ಯಾಲೇ ಬಂತು."

ಸವಿತ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಅಪ್ಪನಿಗೆ ಹೇಳಿದಳು:

"ಎರಡು ಸೀಟಿನ ಕಾರಲ್ಲಿ ಕಲ್ಲಿಗೂ ಜಾಗ ಮಾಡ್ಕಂಡು ಬಂದವ್ರೆ. ನಂಗೆ ಮಾಡಕಿಲ್ವಾ? ಎಲೆ ಆಕಪ್ಪ."

ಎರಡು ಮುದ್ದೆ ಉಂಡೆ. ನಾಚಿಕೆಯೂ ಆಯಿತು. ಯಾರೂ ಹತ್ತಬಾರದೆಂದು ಕಾರು ಕೊಂಡವನು ನಾನು. ಅದೇ ಕಾರು ನೋಡಿ ಆ ಹುಡುಗಿ ನಮ್ಮನ್ನು ಧಾರಾಳಿಗಳು ಅಂದುಕೊಂಡಳಲ್ಲ!

ಮದುವೆ ನಿಶ್ಚಯವಾಗಿದೆ. ಆ ದಿನ ಗಂಡು ಹೆಣ್ಣು ಇಬ್ಬರೂ ಇದೇ ಕಾರಿನಲ್ಲಿ ಬರಬೇಕಂತೆ, ನಾನೇ ಡ್ರೈವರಂತೆ. (ಮತ್ತೆ ಮೂರು ಜನ! ಅಕ್ಕ ಆಗಲೇ ಗುಂಡು ತೊಳೆದಿಟ್ಟಿದ್ದಾಳೆ.)

ಈಗ ನೀವೇ ಹೇಳಿ, ಇದರಲ್ಲಿ ಎಷ್ಟು ಸೀಟು?