ಗಾಲಿ ಕಳಚಿದ ದಿನ ಅಪ್ಪನ ಎಡಗೈ

ಮಾತು ನಿಂತುಹೋದ ಅಪ್ಪ ಕೈಸನ್ನೆಯಲ್ಲೇ ವ್ಯಾನಿನ ಗಾಲಿ ಬಿಚ್ಚಿಸಿದರಂತೆ. ಶಿಕಾರಿಪುರದ ನಮ್ಮ ಓಣಿಯಲ್ಲಿ ಹುಟ್ಟಿದ ಈ ಕಥೆ ಈಗ ಸೊರಬದ ಸಂತೆಯಲ್ಲೂ ಓಡಾಡುತ್ತಿದೆ. ಕೇಳಿದವರು ಕಣ್ಣೊರೆಸಿಕೊಳ್ಳುತ್ತಾರೆ. ಅಲ್ಲೇ ನಿಂತಿದ್ದ ನಾನು ಮಾತ್ರ ಒಪ್ಪಿಲ್ಲ. ಗಾಲಿ ಕಳಚಿದ್ದು ನಿಜ. ಅಪ್ಪ ಕೈ ಆಡಿಸಿದ್ದೂ ನಿಜ. ಎರಡು ನಿಜಗಳನ್ನು ಪಕ್ಕಪಕ್ಕ ನಿಲ್ಲಿಸಿದ ಮಾತ್ರಕ್ಕೆ ಮೂರನೆಯದು ಹುಟ್ಟುವುದಿಲ್ಲ.

ಅಪ್ಪ ಆ ವ್ಯಾನನ್ನು ಕೊಂಡಾಗಲೇ ಅದು ಹಳೆಯದು. ಸ್ಟೀಲ್ ಪಾತ್ರೆ ತುಂಬಿಕೊಂಡು ಸೊರಬದ ಕಡೆಯ ಸಂತೆಗಳನ್ನೆಲ್ಲ ಸುತ್ತುತ್ತಿದ್ದರು. ಮರಳುವಾಗ ಕೆರೆಗೆ ಇಳಿಸಿ, ಗಾಲಿ ಅರ್ಧ ಮುಳುಗುವಷ್ಟು ನೀರಲ್ಲಿ ನಿಲ್ಲಿಸಿ, ಎಮ್ಮೆಯ ಮೈ ತಿಕ್ಕಿದಂತೆ ತಿಕ್ಕುತ್ತಿದ್ದರು. ತುಕ್ಕು ಒಳಸೇರಿದ್ದು ಆ ಅಕ್ಕರೆಯಿಂದಲೇ. ಲಕ್ವ ಹೊಡೆದು ಬಲಭಾಗವೂ ಮಾತೂ ಹೋದ ಮೇಲೆ ವ್ಯಾನು ಅಂಗಳದಲ್ಲಿ ನಿಂತುಬಿಟ್ಟಿತು. ಮಳೆಗಾಲ ಕಳೆಯುವಷ್ಟರಲ್ಲಿ ಹಿಂದಿನ ಗಾಲಿಯ ಗಾಳಿಯೂ ಹೋಯಿತು.

ಅವ್ವ ಮಾರಲು ನಿಶ್ಚಯಿಸಿದಳು. "ಅವ್ರನ್ನೇ ಕೇಳೀನಿ. ಗೋಣು ಹಾಕಿದ್ರು."

"ಉಂಡ್ರಾ ಅಂದ್ರೂ ಗೋಣು ಹಾಕ್ತಾರೆ, ಉಣ್ತೀರಾ ಅಂದ್ರೂ ಹಾಕ್ತಾರೆ. ಅದು ಒಪ್ಪಿಗೆ ಹೆಂಗಾಗ್ತದವ್ವ?"

"ನಿನ್ನ ಚರ್ಚಾಸ್ಪರ್ಧೆ ಕಾಲೇಜಿನಾಗಿಟ್ಕ. ಮನಿ ನಡ್ಸೋಕೆ ನಂಗೆ ಅವ್ರ ಗೋಣು ಸಾಕು."

ಕೊಳ್ಳಲು ಸೊರಬದ ಬಟ್ಟೆ ವ್ಯಾಪಾರಿಯೊಬ್ಬರು ಬಂದರು, ಜೊತೆಗೆ ನಮ್ಮೂರ ಮೆಕ್ಯಾನಿಕ್. ಅಪ್ಪನನ್ನು ಅಂಗಳದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ್ದೆವು. ಗಾಳಿ ಹೋದ ಗಾಲಿ ಬದಲಿಸದೆ ವ್ಯಾನು ಹೊರಡುವಂತಿರಲಿಲ್ಲ. ನಟ್ಟುಗಳೇನೋ ಡೀಸೆಲ್ ಕುಡಿದು ಬಿಚ್ಚಿಕೊಂಡವು, ಗಾಲಿ ಅಲುಗಲಿಲ್ಲ. ಒದ್ದರು, ಸುತ್ತಿಗೆಯಿಂದ ಬಡಿದರು.

"ಎಂತ ಮಾರಾಯಾ, ಗಾಲಿನೂ ಸೇರ್ಸಿ ಎರಕ ಹೊಯ್ದಿದಾರಾ ಹೆಂಗೆ?" ಎಂದರು ಸೊರಬದವರು.

"ಜಂಗು ಹಿಡದೈತ್ರೀ. ನಿಮ್ಮ ಸೀರೆ ಮಡಚಿದಂಗಲ್ಲ ಇದು," ಎನ್ನುತ್ತ ಮೆಕ್ಯಾನಿಕ್ ಮತ್ತೆ ಸುತ್ತಿಗೆ ಎತ್ತಿದ.

ಆಗ ಅಪ್ಪನ ಎಡಗೈ ಮೇಲೆದ್ದಿತು. ಅಂಗೈ ನಮ್ಮ ಕಡೆ. ಅತ್ತ ಇತ್ತ, ಅತ್ತ ಇತ್ತ.

ಮೆಕ್ಯಾನಿಕ್ ಸುತ್ತಿಗೆ ಇಳಿಸಿದ. "ನೋಡ್ರೀ ಯಜಮಾನ್ರ ತಲೆ! ನಟ್ ಸಡ್ಲ ಬಿಟ್ಟು ಗಾಡಿ ಹಿಂದೆ ಮುಂದೆ ಆಡ್ಸು ಅಂತಾರೆ."

ಜಾಕ್ ಇಳಿಸಿ, ನಟ್ಟುಗಳನ್ನು ಸಡಿಲವಾಗಿ ಕೂರಿಸಿ, ಬೇರೆ ಬ್ಯಾಟರಿ ಕೊಟ್ಟು ಎಂಜಿನ್ ಎಬ್ಬಿಸಿದ. ಮೊಳದಷ್ಟು ಮುಂದೆ, ಬ್ರೇಕ್. ಮೊಳದಷ್ಟು ಹಿಂದೆ, ಬ್ರೇಕ್. ಟಕ್ಕೆಂದು ತುಕ್ಕು ಬಿಟ್ಟಿತು. ಎಲ್ಲರೂ ಅಪ್ಪನತ್ತ ತಿರುಗಿ ನಕ್ಕರು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು.

ಸ್ಟೆಪ್ನಿ ಹಾಕುವಾಗಲೂ ಅಪ್ಪನ ಕೈ ಆಡುತ್ತಲೇ ಇತ್ತು. ವ್ಯಾನು ಗೇಟು ದಾಟುವಾಗಲೂ.

"ಟಾಟಾ ಮಾಡ್ತಿದಾರೆ ಪಾಪ," ಎಂದು ಸೊರಬದವರೂ ಕಿಟಕಿಯಿಂದ ಕೈ ಬೀಸಿದರು.

ಉಪಾಯ ಹೇಳುವುದಷ್ಟೇ ಆಗಿದ್ದರೆ ಗಾಲಿ ಕಳಚಿದಾಗಲೇ ಆ ಕೈ ನಿಲ್ಲಬೇಕಿತ್ತು. ಚಿಕ್ಕಂದಿನಲ್ಲಿ ನಾನೂ ಅಪ್ಪನ ಜೊತೆ ಸಂತೆಗೆ ಹೋಗುತ್ತಿದ್ದೆ. ಗದ್ದಲದಲ್ಲಿ ಯಾರಾದರೂ ಗಿಟ್ಟದ ಬೆಲೆಗೆ ಕೊಡಪಾನ ಕೇಳಿದರೆ ಅಪ್ಪ ಬಾಯಿ ನೋಯಿಸಿಕೊಳ್ಳುತ್ತಿರಲಿಲ್ಲ. ಎಡಗೈ ಎತ್ತಿ, ಅಂಗೈ ಅವರತ್ತ ಮಾಡಿ, ಹೀಗೇ ಆಡಿಸುತ್ತಿದ್ದರು. ಕೊಡುವುದಿಲ್ಲ, ಮುಂದೆ ಹೋಗಿ ಎಂದು.

ಈಗ ಸಂಜೆ ಖಾಲಿ ಅಂಗಳದಲ್ಲಿ ಅವರ ಪಕ್ಕ ಕೂರುತ್ತೇನೆ. ಏನು ಕೇಳಿದರೂ ಗೋಣು ಹಾಕುತ್ತಾರೆ, ಗೊತ್ತು. ಆದರೂ ಆ ಎಡಗೈಯನ್ನು ನನ್ನ ಕೈಯಲ್ಲಿ ಹಿಡಿದು ಕೇಳುತ್ತೇನೆ: "ಅಪ್ಪಾ, ಅವತ್ತು ನೀವು ಕೊಡಬ್ಯಾಡ ಅಂದ್ರಾ?"