ಹರಕಿಗೆ ಕಟ್ಟಿದ ಅರಿವೆ

ಹೊನ್ನಾವರದ ನನ್ನ ಪ್ರಿಂಟಿಂಗ್ ಅಂಗಡಿಯ ಕಂಪ್ಯೂಟರಿನಲ್ಲಿರುವುದು ಊರೂರಿನ ಆಸಕ್ತರು ಸೇರಿ ಕಟ್ಟಿ, ಎಲ್ಲರಿಗೂ ಪುಕ್ಕಟೆ ಬಿಟ್ಟುಕೊಟ್ಟ ಡೆಸ್ಕ್‌ಟಾಪ್ ತಂತ್ರಾಂಶ. ಅದಕ್ಕೊಂದು ರೋಗವಿದೆ. ಸ್ವಲ್ಪ ಹೊತ್ತು ಮುಟ್ಟದಿದ್ದರೆ ನಿದ್ದೆ ಹೋಗುತ್ತದೆ. ಎಬ್ಬಿಸಿದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಅರ್ಧ ಮಾಡಿದ ಲಗ್ನಪತ್ರಿಕೆ ಅಲ್ಲಿಗೇ ಮಾಯ.

ಅದನ್ನು ಕಟ್ಟಿದವರ ಜಾಲತಾಣದಲ್ಲಿ ದೂರು ಬರೆದೆ. ಎಷ್ಟೋ ಮಂದಿ ಅದರ ಕೆಳಗೆ ‘ನನಗೂ ಹೀಗೇ’ ಎಂದರು. ಯಾರೂ ಸರಿಮಾಡಲಿಲ್ಲ. ಸಂಬಳವಿಲ್ಲದೆ ದುಡಿಯುವವರು, ಕಾಯೋಣ ಎಂದುಕೊಂಡೆ. ಮೊನ್ನೆ ನೋಡಿದರೆ, ಬಹಳ ಕಾಲದಿಂದ ಚರ್ಚೆಯಿಲ್ಲವೆಂದು ಅವರಲ್ಲೊಬ್ಬರು ದೂರನ್ನೇ ಮುಚ್ಚಿ, ಬಾಕಿ ಕೆಲಸದ ಪಟ್ಟಿಯಿಂದ ತೆಗೆದಿದ್ದರು. ನನಗೆ ಪಿತ್ತ ನೆತ್ತಿಗೇರಿತು.

ನಾನು ಮೀನುಗಾರರ ಮನೆಯವನು. ನಮ್ಮಲ್ಲಿ ದೋಣಿಯಿಂದ ಬಲೆಯನ್ನು ದಡಕ್ಕೆ ಇಳಿಸುವಾಗ ಹರಕು ಕಂಡವರು ಅಲ್ಲೊಂದು ಅರಿವೆಯ ಚೂರು ಕಟ್ಟುತ್ತಾರೆ. ಹರಕನ್ನು ಹೆಣೆದು ಮುಗಿಸಿದವರೇ ಅದನ್ನು ಬಿಚ್ಚಬೇಕು. ಒಮ್ಮೆ ಚಿಕ್ಕಪ್ಪ, ಬಲೆ ಚಂದ ಕಾಣಲೆಂದು, ಹೆಣೆಯುವ ಮೊದಲೇ ಅರಿವೆಗಳನ್ನೆಲ್ಲ ಬಿಚ್ಚಿಹಾಕಿದ್ದ. ಅಜ್ಜಿ ಅವನನ್ನು ಕೇಳಿದ್ದಳು: “ಎಂತ, ಮೀನಿಗೂ ತೂತು ಕಾಣೂದಿಲ್ಲ ಅಂದ್ಕಂಡ್ಯ?”

ದೂರನ್ನು ಮತ್ತೆ ತೆರೆದೆ. ಅವರು ಮತ್ತೆ ಮುಚ್ಚಿದರು. ನಾನು ಮತ್ತೆ ತೆರೆದೆ. ಈ ಸಲ ಕಪ್ಪು ಪರದೆಯ ಫೋಟೋ ಹಾಕಿ, ಅದರ ಕೆಳಗೆ ಬರೆದೆ: “ಸರಿಮಾಡಲು ಪುರುಸೊತ್ತಿಲ್ಲದಿದ್ದರೆ ಬೇಡ, ಕಾಯುತ್ತೇನೆ. ಗುರುತು ಅಳಿಸಲು ಮಾತ್ರ ಪುರುಸೊತ್ತು ಮಾಡಿಕೊಳ್ಳಬೇಡಿ.”