ಲೊರೇನ್ ಓದದೆ ಬಿಟ್ಟ ಎಂಟು ಪುಟ

ಬುಧವಾರ, ಬೆಳಗಿನ ಆರು ಗಂಟೆ. ಅಮೆರಿಕದ ಟೊಲಿಡೊದಲ್ಲಿ ನದಿಯ ಪೂರ್ವ ದಂಡೆಗಿರುವ ಕಾಮಿಕ್ ಅಂಗಡಿಯ ಷಟರ್ ಅರ್ಧ ಮಾತ್ರ ಎದ್ದಿದೆ. ಒಳಗೆ ಲೊರೇನ್ ಕೊವಾಚ್ ಪೆಟ್ಟಿಗೆ ಸೀಳಿ, ಒಂದೇ ಕಾಮಿಕ್‌ನ ಎರಡು ಪ್ರತಿ ತೆಗೆದು ಕೌಂಟರಿನ ಮೇಲೆ ಪಕ್ಕಪಕ್ಕ ಇಡುತ್ತಾರೆ. ಎರಡನ್ನೂ ಒಟ್ಟಿಗೇ ಮಗುಚುತ್ತಾ ಪುಟಕ್ಕೆ ಪುಟ ತಾಳೆ ನೋಡುತ್ತಾರೆ. ಕೊನೆಯ ಪುಟ ಮುಟ್ಟಿದ ಮೇಲೇ ಕನ್ನಡಕ ಒರೆಸಿಕೊಂಡು ಓದಲು ಕೂರುವುದು.

"ಹನ್ನೆರಡು ವರ್ಷದಿಂದ ಹೀಗೇ. ನಗಬೇಡಿ," ಎನ್ನುತ್ತಾರೆ.

ಅರವತ್ತಮೂರರ ಲೊರೇನ್ ಇಲ್ಲಿ ಸೇರಿ ಇಪ್ಪತ್ತೊಂಬತ್ತು ವರ್ಷ. ಗಂಡ ಹಾಸಿಗೆ ಹಿಡಿದಾಗ ಸಿಕ್ಕಿದ ಕೆಲಸ. ಗಂಡ ಹೋದರು, ಕೆಲಸ ಉಳಿಯಿತು. ವಾರಕ್ಕೆ ಎಪ್ಪತ್ತು ಎಂಬತ್ತು ಹೊಸ ಕಾಮಿಕ್ ಬರುತ್ತವೆ. ಅವನ್ನು ನೂರ ನಲವತ್ತು ಖಾಯಂ ಗಿರಾಕಿಗಳ ಹೆಸರಿನ ಖಾನೆಗಳಿಗೆ ಹತ್ತು ಗಂಟೆಯೊಳಗೆ ಹಂಚಬೇಕು. ನಿಂತು ನಿಂತು ಮಂಡಿ ಸವೆದಿದೆ. ಇದರ ಜೊತೆಗೆ ಯಾರೂ ಹೇಳದ ಇನ್ನೊಂದು ಕೆಲಸವನ್ನು ಅವರೇ ಮೈಮೇಲೆ ಹಾಕಿಕೊಂಡಿದ್ದಾರೆ: ಹೊಸ ಸರಣಿಯ ಮೊದಲ ಸಂಚಿಕೆ ಬಂದರೆ, ಅಂಗೈಯಗಲದ ಚೀಟಿಯಲ್ಲಿ ನಾಲ್ಕೈದು ಸಾಲಿನ ವಿಮರ್ಶೆ ಬರೆದು ಕಪಾಟಿಗೆ ಅಂಟಿಸುವುದು. ಕೆಳಗೆ 'ಲೊ' ಎಂದಷ್ಟೇ ಸಹಿ. ಮರು ಮಂಗಳವಾರ ಸಂಜೆ ಎಲ್ಲ ಚೀಟಿಗಳನ್ನೂ ಕಿತ್ತು ಎಸೆಯುತ್ತಾರೆ.

"ಇವಳು ಬೈದ್ರೆ ನಮ್ಮ ದುಡ್ಡು ಉಳೀತು, ಹೊಗಳಿದ್ರೆ ಹೆಂಡ್ತಿ ಹತ್ರ ಬೈಸ್ಕೊಂಡ್ವಿ," ಎನ್ನುತ್ತಾರೆ ನಿವೃತ್ತ ಅಂಚೆಯವ ಗಸ್ ಟೊರೊಕ್.

ಇಂದು ಕೌಂಟರಿನ ಮೇಲಿರುವುದು 'ಗ್ರೇ ಹೆರನ್', ಅಂದರೆ ಬೂದು ಬಕ. ರಾತ್ರಿ ಬೂದು ರೆಕ್ಕೆ ಕಟ್ಟಿಕೊಂಡು ಊರು ಕಾಯುವ ದೋಣಿಗಾರನ ಕಥೆ. ಹೊಸ ಬರಹಗಾರರು, ಹೊಸ ಚಿತ್ರಗಾರರು ಅದನ್ನು ಮತ್ತೆ ಮೊದಲಿನಿಂದ ಶುರುಮಾಡಿದ್ದಾರೆ. ಹನ್ನೆರಡು ವರ್ಷದ ಹಿಂದೆಯೂ ಹೀಗೇ ಶುರುವಾಗಿತ್ತು. ಆಗ ಬರೆದು ಚಿತ್ರಿಸಿದವನು ಈ ಬೀದಿಯಲ್ಲೇ ಬೆಳೆದ ಎಮ್ಮೆಟ್ ಪೆಟಿಗ್ರೂ. ಅಂದು ಲೊರೇನ್ ಪೆಟ್ಟಿಗೆಯ ಮೇಲಿನ ಪ್ರತಿ ಎತ್ತಿಕೊಂಡು ಓದಿದರು. ನಡುವಿನ ಎಂಟು ಪುಟ ಎರಡೆರಡು ಸಲ ಇದ್ದವು.

"ಪುಸ್ತಕ ಹೊಲಿಯೋರ ತಪ್ಪು ಅದು. ಎಂಟು ಪುಟದ ಒಂದು ಮಡಿಕೆ ಎರಡು ಸಲ ಸೇರಿ, ಮುಂದಿನ ಮಡಿಕೆ ಬಿಟ್ಟುಹೋಗಿತ್ತು. ನಾನು ದೊಡ್ಡ ಪಂಡಿತೆ ನೋಡಿ, ಇದೇನೋ ಹೊಸ ಪ್ರಯೋಗ, ಕಾಲ ಹಿಂದಕ್ಕೆ ಸುತ್ತುತ್ತಿದೆ ಅಂದ್ಕೊಂಡೆ."

ಚೀಟಿಯಲ್ಲಿ ಬರೆದರು: 'ಹೇಳಿದ್ದನ್ನೇ ಮತ್ತೆ ಹೇಳುವ ಜಾಣತನ. ಎದೆಯೇ ಇಲ್ಲ.' ಅದನ್ನು ಮುಂಗಡ ಹೇಳಿದ್ದ ಅರವತ್ತು ಗಿರಾಕಿಗಳಲ್ಲಿ ಐವತ್ತು ಮಂದಿ ಸರಣಿಯನ್ನು ತಮ್ಮ ಪಟ್ಟಿಯಿಂದ ತೆಗೆಸಿದರು. ತಿಂಗಳ ನಂತರ ಗಸ್ ಕೇಳಿದರು: "ಅಲ್ಲ ಕಣೇ, ಆ ಕಾಲುಚೀಲದ ಜಾಗ ಓದಿಯೂ ಎದೆ ಇಲ್ಲ ಅಂದ್ಯಲ್ಲ, ನಿನ್ನ ಎದೇಲಿ ಕಲ್ಲಿದೆಯಾ?"

"ಯಾವ ಕಾಲುಚೀಲ?" ಎಂದರು ಲೊರೇನ್. ಆ ಎಂಟು ಪುಟವನ್ನು ಅವರು ಮೊದಲ ಸಲ ಓದಿದ್ದು ಗಸ್ ತಂದುಕೊಟ್ಟ ಪ್ರತಿಯಲ್ಲಿ.

ಸರಣಿ ನಾಲ್ಕೇ ಸಂಚಿಕೆಗೆ ನಿಂತಿತು. ಎಮ್ಮೆಟ್ ಗಾಜಿನ ಕಾರ್ಖಾನೆ ಸೇರಿದ. ಆದರೂ ಬುಧವಾರ ಅಂಗಡಿಗೆ ಬರುವುದು ತಪ್ಪಿಸುವುದಿಲ್ಲ. "ದೇಶದ ತುಂಬ ಅಂಗಡಿ ಇದಾವೆ, ನನ್ನೊಬ್ಬಳಿಂದ ನಿಂತಿಲ್ಲ ಅಂತ ಗೊತ್ತು. ಆದ್ರೆ ಅವನ ಊರಿನ ಅಂಗಡಿ ಇದೊಂದೇ. ಇವತ್ತು ಹೇಳೋಣ, ಇವತ್ತು ಹೇಳೋಣ ಅಂತಲೇ ಇಷ್ಟು ಬುಧವಾರ ಹೋದ್ವು."

ಹೊಸ ಸಂಚಿಕೆಯ ಹದಿನೆಂಟನೇ ಪುಟಕ್ಕೆ ಲೊರೇನ್ ಕೈ ನಿಲ್ಲುತ್ತದೆ. ಸೇತುವೆಯ ಕೆಳಗೆ ಒಬ್ಬನೇ ಕೂತ ಹೆರನ್ ಒದ್ದೆ ಕಾಲುಚೀಲ ಹಿಂಡುತ್ತಿದ್ದಾನೆ. ಎಮ್ಮೆಟ್‌ನದೇ ದೃಶ್ಯ, ಅವನ ಹೆಸರು ಎಲ್ಲೂ ಇಲ್ಲ. ಮೂರು ಚೀಟಿ ಹರಿದು ನಾಲ್ಕನೆಯದನ್ನು ಬರೆಯುತ್ತಾರೆ:

'ಮೊದಲರ್ಧ ಬರೀ ಗದ್ದಲ. ಕಾಲುಚೀಲದ ಪುಟಕ್ಕಾಗಿ ಕೊಳ್ಳಿ. ಅದನ್ನು ಮೊದಲು ಬರೆದವನು ನಮ್ಮೂರಿನ ಎಮ್ಮೆಟ್ ಪೆಟಿಗ್ರೂ. ನನ್ನ ಪ್ರತಿಯಲ್ಲಿ ಆ ಎಂಟು ಪುಟ ಇರಲಿಲ್ಲ. ಓದದೆ ಬೈದೆ. ಲೊ.'

ಹತ್ತಕ್ಕೆ ಬಾಗಿಲು ತೆರೆದಾಗ ಕಾರ್ಖಾನೆಯ ನೀಲಿ ಅಂಗಿಯಲ್ಲೇ ಎಮ್ಮೆಟ್ ಬರುತ್ತಾನೆ. "ಏನ್ ಮಿಸ್ ಲೊರೇನ್, ಹಕ್ಕಿಗೆ ಈ ಸಲ ಎಷ್ಟು ವಾರ ಆಯಸ್ಸು ಕೊಟ್ರಿ?" ಎಂದು ನಗುತ್ತಾ ಚೀಟಿಗೆ ಬಗ್ಗುತ್ತಾನೆ. ಎರಡು ಸಲ ಓದುತ್ತಾನೆ. ನಗು ಇಳಿಯುತ್ತದೆ.

"ಯಾವಾಗ ಗೊತ್ತಾಯ್ತು?"

"ಆಗ್ಲೇ. ಒಂದು ತಿಂಗಳಿಗೆ."

"ನೀವು ಎಲ್ಲಾ ಓದಿಯೇ ಬರೆದಿದ್ದು ಅಂದ್ಕೊಂಡಿದ್ದೆ," ಎನ್ನುತ್ತಾನೆ ಮೆಲ್ಲಗೆ. "ಲೊರೇನ್‌ಗೇ ಕಾಣಲಿಲ್ಲ ಅಂದ್ಮೇಲೆ ಎದೆ ಇರಲಿಕ್ಕಿಲ್ಲ ಬಿಡು ಅಂತ ಪೆನ್ಸಿಲ್ ಕೆಳಗಿಟ್ಟೆ."

ಎಮ್ಮೆಟ್ ಒಂದು ಪ್ರತಿ ಕೊಂಡು, ತನ್ನ ಖಾನೆಯತ್ತ ನೋಡದೆ ಹೊರಟುಹೋಗುತ್ತಾನೆ. ಖಾನೆಯಲ್ಲಿ ಈ ವಾರದ ನಾಲ್ಕು ಕಾಮಿಕ್ ಹಾಗೇ ಉಳಿದಿವೆ.

"ಕ್ಷಮಿಸ್ಲಿ ಅಂತ ಕೇಳಲ್ಲ," ಎನ್ನುತ್ತಾರೆ ಲೊರೇನ್, ಖಾನೆಗೆ ಅಂಟಿಸಿದ ಅವನ ಹೆಸರಿನ ಪಟ್ಟಿಯನ್ನು ಬೆರಳಲ್ಲಿ ಒತ್ತುತ್ತಾ. "ಮಂಗಳವಾರ ಉಳಿದ ಚೀಟಿ ಎಲ್ಲಾ ಕೀಳ್ತೀನಿ, ಇದೊಂದನ್ನ ಕೀಳಲ್ಲ. ಬುಧವಾರ ಅವನು ಬಂದು ಈ ನಾಲ್ಕು ತಗೊಂಡು ಹೋದ್ರೆ ಸಾಕು."